ಒಂದು ಚುಕ್ಕಿಗೆ ಆರೂವರೆ ಸಾವಿರವೇ?

ಪ್ರಶ್ನೆ: ಗದಗದಾಗ ಒಂದು ಪ್ರಿಂಟಿಂಗ್ ಪ್ರೆಸ್ಸಿನಾಗ ಡಿಟಿಪಿ ಕೆಲಸ ಮಾಡ್ತೀನ್ರಿ. 14 ತಿಂಗಳ ಹಿಂದ ತಗೊಂಡ ಲ್ಯಾಪ್‌ಟಾಪ್, 15.6 ಇಂಚು, ಫುಲ್ ಎಚ್‌ಡಿ, ಐಪಿಎಸ್ ಸ್ಕ್ರೀನ್. ವಾರಂಟಿ ಮುಗದು ಎರಡು ತಿಂಗಳಾತು. ನಡುವಿಗಿಂತ ಒಂಚೂರು ಮ್ಯಾಲೆ, ಬಲಕ್ಕ, ಸೂಜಿ ಮೊನಿಯಷ್ಟು ಕರೀ ಚುಕ್ಕಿ ಬಂದೈತಿ. ಹುಬ್ಬಳ್ಳ್ಯಾಗ ತೋರಿಸಿದ್ರ, ‘ಇದು ಡೆಡ್ ಪಿಕ್ಸೆಲ್, ಸ್ಕ್ರೀನ್ ಬದಲಸಬೇಕು, 6,500 ಆಗ್ತೈತಿ, ಈಗ ಬಿಟ್ರ ಹಬ್ಬತೈತಿ’ ಅಂದ್ರು. ಗೆಳೆಯರೊಬ್ಬರು ಬಟ್ಟಿ ಸುತ್ತಿ ಬೆರಳಿಲೆ ಒತ್ತಿದ್ರ ಹೋಗ್ತೈತಿ ಅಂತಾರ. ರಾತ್ರಿ ಇದರಾಗ ಮಗಳೂ ಓದತಾಳ. ಏನ್ ಮಾಡೂದ್ರಿ?

ಉತ್ತರ: 6,500 ರೂಪಾಯಿ ಸದ್ಯಕ್ಕೆ ಕಿಸೆಯಲ್ಲೇ ಇರಲಿ. ನಿಜವಾದ ಡೆಡ್ ಪಿಕ್ಸೆಲ್, ಅಂದರೆ ಕೆಟ್ಟುಹೋದ ಸ್ಕ್ರೀನಿನ ಒಂದು ಬಿಂದು, ಹಬ್ಬುವುದಿಲ್ಲ. ಹಬ್ಬುವ ಚುಕ್ಕಿಯೂ ಒಂದಿದೆ, ಆದರೆ ಅದರ ಜಾತಿಯೇ ಬೇರೆ. ನಿಮ್ಮದು ಯಾವುದು ಎಂದು ಮನೆಯಲ್ಲೇ ಅರ್ಧ ಗಂಟೆಯಲ್ಲಿ ಗೊತ್ತುಮಾಡಿಕೊಳ್ಳಬಹುದು. ಬಟ್ಟೆ ಸುತ್ತಿ ಒತ್ತುವ ಕೆಲಸವಂತೂ ಬೇಡ, ಕಾರಣ ಮುಂದೆ ಹೇಳುತ್ತೇವೆ.

ಬೆಟಗೇರಿಯ ಮಗ್ಗ ನೋಡಿದವರಿಗೆ ಎಲ್‌ಸಿಡಿ ಪ್ಯಾನೆಲ್‌ನ ರಚನೆ ತಿಳಿಸುವುದು ಸುಲಭ. ಸೀರೆಗೆ ಹಾಸು ಹೊಕ್ಕು ಇದ್ದ ಹಾಗೆ, ಗಾಜಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳು ಓಡಿರುತ್ತವೆ. ನಿಮ್ಮ ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ ಹಾಸಿನ ಎಳೆ 5,760, ಹೊಕ್ಕಿನ ಎಳೆ 1,080. ಎಳೆಗೆ ಎಳೆ ಕೂಡುವ ಒಂದೊಂದು ಜಾಗದಲ್ಲೂ ಒಂದು ಟ್ರಾನ್ಸಿಸ್ಟರ್, ಅಂದರೆ ಸಣ್ಣ ವಿದ್ಯುತ್ ಸ್ವಿಚ್, ಕೂತಿರುತ್ತದೆ. ಲೆಕ್ಕ ಹಾಕಿದರೆ 62,20,800 ಟ್ರಾನ್ಸಿಸ್ಟರ್. ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಸೇರಿ ಒಂದು ಪಿಕ್ಸೆಲ್, ಅಂದರೆ ಒಟ್ಟು 20,73,600 ಪಿಕ್ಸೆಲ್. ಒಂದು ಟ್ರಾನ್ಸಿಸ್ಟರ್ ಕೆಟ್ಟರೆ ಅದರ ಪಾಲಿನ ಬಣ್ಣವಷ್ಟೇ ಕೆಡುತ್ತದೆ. ಪಕ್ಕದ್ದಕ್ಕೆ ಅದರದೇ ಟ್ರಾನ್ಸಿಸ್ಟರ್ ಇರುವುದರಿಂದ ಸೋಂಕು ಹತ್ತುವ ದಾರಿಯೇ ಇಲ್ಲ. ಎಳೆಯೇ ಕಡಿದರೆ ಮಾತು ಬೇರೆ: ಆಗ ಕಾಣುವುದು ಚುಕ್ಕಿಯಲ್ಲ, ಸ್ಕ್ರೀನಿನ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ.

ಇನ್ನೊಂದು ಮಾತು. ಐಪಿಎಸ್ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಸಿಗದ ಪಾಲು ಬೆಳಕನ್ನು ತಡೆದು ಕಪ್ಪಗೆ ನಿಲ್ಲುತ್ತದೆ. ಹಳೆಯ ಕಡಿಮೆ ಬೆಲೆಯ ಟಿಎನ್ ಪ್ಯಾನೆಲ್‌ಗಳಲ್ಲಿ ಇದು ತಿರುಗಾಮುರುಗಾ, ವೋಲ್ಟೇಜ್ ಸಿಗದಿದ್ದರೆ ಬೆಳಕನ್ನು ಬಿಡುತ್ತದೆ. ಅದಕ್ಕೇ ಒಂದೇ ನಮೂನೆಯ ದೋಷ ನಿಮ್ಮ ಲ್ಯಾಪ್‌ಟಾಪಿನಲ್ಲಿ ಕರಿ ಚುಕ್ಕಿಯಾಗಿ, ಹಳೆಯ ಟಿಎನ್ ಲ್ಯಾಪ್‌ಟಾಪಿನಲ್ಲಿ ಹೊಳೆಯುವ ಚುಕ್ಕಿಯಾಗಿ ಕಾಣಬಹುದು. ಹೊಳೆಯುವುದು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಪ್ಯಾನೆಲ್ ತಯಾರಿಸುವ ಕಾರ್ಖಾನೆಗಳಲ್ಲಿ ಹೊಳೆಯುವ ಪಾಲು ಸಿಕ್ಕರೆ ಲೇಸರ್‌ನಿಂದ ಅದನ್ನು ಬೇಕೆಂದೇ ಕಪ್ಪು ಮಾಡುವ ಪದ್ಧತಿಯೂ ಇದೆ. ಅವರ ಕಣ್ಣಿನಲ್ಲಿ ಕರಿ ಚುಕ್ಕಿ ಸಣ್ಣ ತಪ್ಪು.

ಈಗ ಪರೀಕ್ಷೆಗೆ ಬನ್ನಿ. ಲ್ಯಾಪ್‌ಟಾಪ್ ಬಂದ್ ಮಾಡಿ, ಮೈಕ್ರೋಫೈಬರ್ ಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಬರೀ ತೇವ ಮಾಡಿಕೊಂಡು ಹಗುರವಾಗಿ ಒರೆಸಿ. ನೀರನ್ನು ಸ್ಕ್ರೀನಿನ ಮೇಲೆ ನೇರವಾಗಿ ಸಿಂಪಡಿಸಬೇಡಿ, ಕೆಳ ಅಂಚಿಗೆ ಇಳಿದು ಅಲ್ಲಿರುವ ಸರ್ಕ್ಯೂಟ್ ಪಟ್ಟಿಯನ್ನು ಸುಡುತ್ತದೆ. ಕಿಟಕಿ ಗಾಜು ಒರೆಸುವ ದ್ರಾವಣವೂ ಬೇಡ, ಮೇಲಿನ ಲೇಪ ಹಾಳಾಗುತ್ತದೆ. ಹಾಸ್ಯವಲ್ಲ, ಪ್ರೆಸ್ಸಿನಲ್ಲಿ ಶಾಯಿಯ ಒಂದು ಸಣ್ಣ ಹನಿ ಸಿಡಿದು ಒಣಗಿದ್ದರೂ ಹೀಗೇ ಕಾಣುತ್ತದೆ.

ಒರೆಸಿದ ಮೇಲೂ ಇದ್ದರೆ, ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ಗೆ ಕಳಿಸಿ ನೋಡಿ. ಮೊಬೈಲಿನಲ್ಲೂ ಅದೇ ಜಾಗದಲ್ಲಿ ಚುಕ್ಕಿ ಕಂಡರೆ ಅದು ಫೈಲಿನದೋ ಸಾಫ್ಟ್‌ವೇರಿನದೋ ತಪ್ಪು. ಕಾಣದಿದ್ದರೆ ಪ್ಯಾನೆಲ್‌ನದು. ಎಚ್‌ಡಿಎಂಐ ಕೇಬಲ್ಲಿನಿಂದ ಮನೆಯ ಟಿವಿಗೆ ಜೋಡಿಸಿದರೂ ಇದೇ ಉತ್ತರ ಸಿಗುತ್ತದೆ. ಲ್ಯಾಪ್‌ಟಾಪ್ ಡೆಲ್ ಆಗಿದ್ದರೆ ಡಿ ಕೀ ಒತ್ತಿ ಹಿಡಿದುಕೊಂಡು ಪವರ್ ಒತ್ತಿ. ವಿಂಡೋಸ್ ತೆರೆಯುವ ಮೊದಲೇ ಸ್ಕ್ರೀನ್ ತಾನಾಗಿ ಒಂದೊಂದೇ ಬಣ್ಣ ತೋರಿಸುತ್ತ ಹೋಗುತ್ತದೆ.

ಬೇರೆ ಕಂಪನಿಯದಾದರೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಈ ಐದು ಬಣ್ಣದ ಐದು ಚಿತ್ರಗಳನ್ನು ನೀವೇ ಮಾಡಿಕೊಳ್ಳಿ. ಡಿಟಿಪಿಯವರಿಗೆ ಎರಡು ನಿಮಿಷದ ಕೆಲಸ. 1920×1080 ಅಳತೆ, ಬಣ್ಣ ಸ್ಕ್ರೀನಿನ ಪದ್ಧತಿಯಾದ ಆರ್‌ಜಿಬಿಯಲ್ಲೇ ಇರಲಿ, ಅಚ್ಚಿನ ಶಾಯಿಯ ಪದ್ಧತಿಯಾದ ಸಿಎಂವೈಕೆಯಲ್ಲಿ ಮಾಡಿದರೆ ಶುದ್ಧ ಬಣ್ಣ ಬರುವುದಿಲ್ಲ. ಪಿಎನ್‌ಜಿ ಆಗಿ ಉಳಿಸಿ, ಕೋಣೆಯ ದೀಪ ಆರಿಸಿ, ಒಂದೊಂದನ್ನೇ ಪೂರ್ತಿ ಸ್ಕ್ರೀನಿಗೆ ತೆರೆದು ನೋಡಿ.

ಬಿಳಿ, ಕೆಂಪು, ಹಸಿರು, ನೀಲಿ ನಾಲ್ಕರಲ್ಲೂ ಕಪ್ಪಗೇ ಇದ್ದರೆ ಆ ಪಿಕ್ಸೆಲ್‌ನ ಮೂರೂ ಪಾಲು ಸತ್ತಿವೆ, ಇಲ್ಲವೇ ಏನೋ ಒಂದು ಕಣ ಅದನ್ನು ಮುಚ್ಚಿದೆ. ಕೆಂಪಿನಲ್ಲಿ ಮಾತ್ರ ಕಪ್ಪಗಿದ್ದು ಬಿಳಿಯ ಮೇಲೆ ಹಸಿರು ಮಿಶ್ರಿತ ತಿಳಿನೀಲಿಯಾಗಿ ಕಂಡರೆ ಸತ್ತಿರುವುದು ಕೆಂಪು ಪಾಲು. ಬಿಳಿಯ ಮೇಲೆ ಮೆಜೆಂಟಾ ಕಂಡರೆ ಹಸಿರು ಸತ್ತಿದೆ, ಹಳದಿ ಕಂಡರೆ ನೀಲಿ ಸತ್ತಿದೆ. ನಿಮಗೆ ಸಯಾನ್, ಮೆಜೆಂಟಾ, ಯೆಲ್ಲೋ ಬಾಯಿಪಾಠ ಇರುವುದರಿಂದ ಹೆಚ್ಚು ಬಿಡಿಸಬೇಕಿಲ್ಲ. ಸತ್ತದ್ದು ನೀಲಿಯಾದರೆ ಮರೆತುಬಿಡಿ. ಒಂದು ಬಿಳಿ ಪಿಕ್ಸೆಲ್‌ನ ಹೊಳಪಿನಲ್ಲಿ ನೀಲಿಯ ಪಾಲು ನೂರಕ್ಕೆ ಸುಮಾರು 7 ಮಾತ್ರ. ಕೆಂಪಿನದು 21, ಹಸಿರಿನದು 72. ಹಸಿರು ಸತ್ತರೆ ಕಣ್ಣಿಗೆ ಹೆಚ್ಚುಕಡಿಮೆ ಕರಿ ಚುಕ್ಕಿಯೇ.

ಕಪ್ಪು ಚಿತ್ರದ ಮೇಲೆ ಕೆಂಪೋ ಹಸಿರೋ ನೀಲಿಯೋ ಕಿಡಿಯಂತೆ ಉರಿಯುತ್ತಿದ್ದರೆ ಅದು ಡೆಡ್ ಅಲ್ಲ, ಸ್ಟಕ್ ಪಿಕ್ಸೆಲ್. ಅಂದರೆ ಸಿಕ್ಕಿಕೊಂಡು ಬಂದ್ ಆಗದೆ ಉಳಿದಿರುವುದು. ಮದ್ದು ಮಾಡಿ ನೋಡಬಹುದಾದದ್ದು ಇದೊಂದೇ.

ಮೂರೂ ಪಾಲು ಒಟ್ಟಿಗೆ ಕೆಡುವುದು ಒಂದೇ ಪಾಲು ಕೆಡುವುದಕ್ಕಿಂತ ಅಪರೂಪ. ಹಾಗಾಗಿ ಪೂರ್ತಿ ಕರಿ ಚುಕ್ಕಿ ಎಂದಾಗ ಮೊದಲ ಅನುಮಾನ ಧೂಳಿನ ಮೇಲೆ ಹೋಗಬೇಕು. ಮೊಬೈಲ್ ಕ್ಯಾಮೆರಾದಲ್ಲಿ ಮ್ಯಾಕ್ರೋ ಇದ್ದರೆ ಬಿಳಿ ಚಿತ್ರ ತೆರೆದು ಚುಕ್ಕಿಯ ಫೋಟೋ ತೆಗೆಯಿರಿ. ಇಲ್ಲದಿದ್ದರೆ ಅಕ್ಕಸಾಲಿಗರೋ ಗಡಿಯಾರ ರಿಪೇರಿಯವರೋ ಕಣ್ಣಿಗೆ ಹಿಡಿಯುವ ಭೂತಗನ್ನಡಿ ಸಾಕು, ಪ್ರೆಸ್ಸಿನಲ್ಲಿ ಅಚ್ಚಿನ ಚುಕ್ಕಿ ನೋಡುವ ಕನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಡೆಡ್ ಪಿಕ್ಸೆಲ್ ಆಗಿದ್ದರೆ ಕೆಂಪು, ಹಸಿರು, ನೀಲಿ ಪಟ್ಟಿಗಳ ಸಾಲಿನಲ್ಲಿ ಅಳತೆ ಹಿಡಿದು ಕತ್ತರಿಸಿದಂತೆ ಒಂದು ಮನೆ ಮಾತ್ರ ಕಪ್ಪಗಿರುತ್ತದೆ. ಅಂಚು ಚೊಕ್ಕ. ಧೂಳಾಗಿದ್ದರೆ ಆಕಾರ ಓರೆಕೋರೆ, ಎರಡು ಮೂರು ಮನೆಗಳ ಮೇಲೆ ಅರ್ಧರ್ಧ ಬಿದ್ದಿರುತ್ತದೆ, ಅಂಚು ಮಸುಕು. ತಲೆಯನ್ನು ಎಡಕ್ಕೆ ಬಲಕ್ಕೆ ಸರಿಸಿ ನೋಡಿದರೆ ಹಿಂದಿನ ಬೆಳಕಿನ ಪದರದಲ್ಲಿರುವ ಧೂಳು ಪಿಕ್ಸೆಲ್‌ಗಳ ಹಿಂದೆ ತುಸು ಜರುಗಿದಂತೆ ಕಾಣುತ್ತದೆ. ಡೆಡ್ ಪಿಕ್ಸೆಲ್ ಕುಂತಲ್ಲೇ ಕುಂತಿರುತ್ತದೆ.

ಧೂಳು ಎಂದು ಗೊತ್ತಾದರೆ ತೆಗೆಸಲು ಹೋಗಬೇಡಿ. ಹಿಂದಿನ ಪದರಗಳನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸುವುದು ಧೂಳಿಲ್ಲದ ಕೋಣೆಯ ಕೆಲಸ. ಬಯಲುಸೀಮೆಯ ಗಾಳಿಯಲ್ಲಿ, ಅಂಗಡಿಯ ಕೌಂಟರ್ ಮೇಲೆ ಬಿಚ್ಚಿದರೆ ಒಂದು ಕಣ ಹೋಗಿ ಹತ್ತು ಕಣ ಸೇರುತ್ತವೆ.

ಹಾಗಾದರೆ ಹಬ್ಬುವ ಚುಕ್ಕಿ ಯಾವುದು? ಗಾಜು ಒಳಗೆ ಬಿರುಕು ಬಿಟ್ಟು ದ್ರವಸ್ಫಟಿಕ (ಬೆಳಕನ್ನು ಬಿಡುವ, ತಡೆಯುವ ದ್ರವ) ಸೋರಿದಾಗ ಆಗುವ ಕಲೆ. ಒತ್ತು ಕಾಗದದ ಮೇಲೆ ಶಾಯಿ ಬಿದ್ದಂತೆ ಇರುತ್ತದೆ, ನೇರಳೆಗಪ್ಪು ಬಣ್ಣ, ಅಂಚು ಗೊತ್ತಿಲ್ಲದ ಆಕಾರ, ಸುತ್ತ ಸಣ್ಣ ಕೂದಲಿನಂಥ ಗೆರೆ. ಕೀಬೋರ್ಡ್ ಮೇಲೆ ಪೆನ್ ಇಟ್ಟು ಮುಚ್ಚಳ ಮುಚ್ಚಿದರೆ, ಬಸ್ಸಿನಲ್ಲಿ ಬ್ಯಾಗಿನ ಮೇಲೆ ಯಾರಾದರೂ ಕೂತರೆ ಹೀಗಾಗುತ್ತದೆ. ಇದು ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ, ಇದಕ್ಕೆ ಪ್ಯಾನೆಲ್ ಬದಲಿಸದೆ ಬೇರೆ ದಾರಿಯಿಲ್ಲ. ಅಂಗಡಿಯವರು ‘ಹಬ್ಬತೈತಿ’ ಅಂದದ್ದು ಇದನ್ನು ನೋಡಿದ ಅಭ್ಯಾಸದಿಂದ ಇರಬಹುದು. ಸೂಜಿ ಮೊನೆಯಷ್ಟು ಎಂದು ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಅದಲ್ಲ. ಆದರೂ ಖಾತ್ರಿಗೆ, ಬಿಳಿ ಚಿತ್ರ ತೆರೆದು ಒಂದೇ ದೂರದಿಂದ ಇವತ್ತೊಂದು ಫೋಟೋ, ಎಂಟು ದಿನ ಬಿಟ್ಟು ಒಂದು, ತಿಂಗಳಿಗೆ ಒಂದು ತೆಗೆದಿಡಿ. ಬೆಳೆಯದಿದ್ದರೆ ಅದು ಬೆಳೆಯುವ ಜಾತಿಯದಲ್ಲ.

ಗೆರೆ ಬಂದರೆ ಮಾತ್ರ ತಡಮಾಡಬೇಡಿ. ಮೇಲಿನಿಂದ ಕೆಳಗೆ ನಿಂತ ಗೆರೆಗೆ ಸಾಮಾನ್ಯವಾಗಿ ಕಾರಣ, ಪ್ಯಾನೆಲ್ ಅಂಚಿನಲ್ಲಿ ಗಾಜಿಗೂ ಸರ್ಕ್ಯೂಟ್ ಪಟ್ಟಿಗೂ ನಡುವೆ ಅಂಟಿಸಿರುವ ತೆಳು ಫಿಲ್ಮಿನ ಬೆಸುಗೆ ಬಿಡುವುದು. ಅಂಚಿನ ಚೌಕಟ್ಟನ್ನು ಹಗುರವಾಗಿ ಮುಟ್ಟಿದಾಗ ಗೆರೆ ಬಂದು ಹೋಗಿ ಮಾಡಿದರೆ ಇದೇ. ಮುಚ್ಚಳ ಮೇಲೆ ಕೆಳಗೆ ಮಾಡಿದಾಗ ಇಡೀ ಸ್ಕ್ರೀನ್ ಮಿಣುಕಿದರೆ, ಬಣ್ಣ ಬದಲಾದರೆ, ತಪ್ಪು ಹಿಂಜ್ (ಮುಚ್ಚಳದ ಕೀಲು) ಮೂಲಕ ಹೋಗುವ ಡಿಸ್‌ಪ್ಲೇ ಕೇಬಲ್ಲಿನದು. ಅದಕ್ಕೆ ಪ್ಯಾನೆಲ್ ಬದಲಿಸುವುದು ಹಣ ಚೆಲ್ಲಿದಂತೆ. ಕೇಬಲ್ ಪ್ಯಾನೆಲ್‌ಗಿಂತ ಬಹಳ ಅಗ್ಗ.

ಬೆರಳಿನಿಂದ ಒತ್ತುವ ಮದ್ದಿಗೆ ಬರೋಣ. ಎರಡು ಗಾಜುಗಳ ನಡುವೆ ದ್ರವಸ್ಫಟಿಕ ಇರುವ ಜಾಗದ ದಪ್ಪ ಬರೀ ಮೂರು ನಾಲ್ಕು ಮೈಕ್ರಾನ್. ತಲೆಕೂದಲು ಸುಮಾರು 70 ಮೈಕ್ರಾನ್ ಎಂದರೆ ಅಂದಾಜು ಸಿಗುತ್ತದೆ. ಒತ್ತಿದಾಗ ಸಿಕ್ಕಿಕೊಂಡ ಸ್ಫಟಿಕ ಜರುಗಿ ಸ್ಟಕ್ ಪಿಕ್ಸೆಲ್ ಒಮ್ಮೊಮ್ಮೆ ಸರಿಹೋಗುವುದುಂಟು. ಡೆಡ್ ಪಿಕ್ಸೆಲ್‌ನಲ್ಲಿ ಕೆಟ್ಟಿರುವುದು ಟ್ರಾನ್ಸಿಸ್ಟರ್, ಒತ್ತಿದರೆ ಅದು ಬದುಕುವುದಿಲ್ಲ. ಹೆಚ್ಚು ಒತ್ತಿದರೆ ಗಾಜಿನ ನಡುವಿನ ಅಂತರ ಕೆಟ್ಟು, ಬೆಳಕಿನ ಪದರ ನಲುಗಿ, ಕಡಲೆಕಾಳಿನಷ್ಟು ಬಿಳಿ ಮಚ್ಚೆ ಶಾಶ್ವತವಾಗಿ ಉಳಿಯುತ್ತದೆ. ನೆಗಡಿಗೆ ಮೂಗು ಕೊಯ್ದ ಹಾಗೆ.

ನಿಮ್ಮ ಚುಕ್ಕಿ ಕಪ್ಪು ಚಿತ್ರದ ಮೇಲೆ ಉರಿಯುವ ಸ್ಟಕ್ ಎಂದು ತಿಳಿದರೆ ಬಣ್ಣ ಮಿನುಗಿಸುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಮಿನುಗುವ ಕಿಟಕಿಯನ್ನು ಚುಕ್ಕಿಯ ಮೇಲೆ 50ರಿಂದ 100 ಪಿಕ್ಸೆಲ್ ಅಗಲದಷ್ಟು ಮಾತ್ರ ಇಟ್ಟು, 20–30 ನಿಮಿಷ ಓಡಿಸಿ, ಬಂದ್ ಮಾಡಿ, ಕಪ್ಪು ಚಿತ್ರದ ಮೇಲೆ ಮತ್ತೆ ನೋಡಿ. ಮೂರು ನಾಲ್ಕು ಸಲ ಮಾಡಿಯೂ ಹೋಗದಿದ್ದರೆ ಬಿಟ್ಟುಬಿಡಿ. ಮೂರ್ಛೆ ರೋಗ ಇರುವವರು ಆ ಮಿನುಗನ್ನು ನೋಡಬಾರದು. ಮನೆಯಲ್ಲಿ ಮಕ್ಕಳಿದ್ದರೆ ಆಗ ಮುಚ್ಚಳವನ್ನು ಅರ್ಧ ಬಾಗಿಸಿಡಿ. ಓಎಲ್‌ಇಡಿ ಸ್ಕ್ರೀನಿನವರಿಗೆ ಈ ಉಪಾಯವಿಲ್ಲ, ಅದರಲ್ಲಿ ದ್ರವಸ್ಫಟಿಕವೇ ಇರುವುದಿಲ್ಲ.

ಇಷ್ಟೆಲ್ಲ ನೋಡಿ, ಅದು ಒಂದೇ ಒಂದು ಡೆಡ್ ಪಿಕ್ಸೆಲ್ ಎಂದೇ ಖಾತ್ರಿಯಾಯಿತು ಅನ್ನಿ. ಬದಲಿಸಬೇಕೇ? ನಮ್ಮ ಅಭಿಪ್ರಾಯದಲ್ಲಿ ಬೇಡ. ಯಾಕೆ ಎಂದರೆ ಅಳತೆ ನೋಡಿ. 15.6 ಇಂಚಿನ ಫುಲ್ ಎಚ್‌ಡಿ ಸ್ಕ್ರೀನಿನ ಅಗಲ 344 ಮಿ.ಮೀ. ಅದನ್ನು 1920ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಸಿಗುವುದು 0.18 ಮಿ.ಮೀ., ಗಸಗಸೆ ಕಾಳಿನ ಅಗಲದ ಐದನೇ ಒಂದು ಪಾಲು. ಚೆನ್ನಾಗಿ ಕಾಣುವ ಕಣ್ಣು 60 ಸೆಂ.ಮೀ. ದೂರದಿಂದ ಬೇರ್ಪಡಿಸಿ ನೋಡಬಲ್ಲ ಗಾತ್ರವೂ ಸರಿಸುಮಾರು ಇಷ್ಟೇ. ಅಂದರೆ ಹುಡುಕಿದರೆ ಕಾಣುತ್ತದೆ, ಹುಡುಕದಿದ್ದರೆ ಕೆಲಸದ ನಡುವೆ ಮರೆಯಾಗುತ್ತದೆ. ತೊಂದರೆ ಏನೆಂದರೆ ಒಮ್ಮೆ ಕಂಡ ಮೇಲೆ ಕಣ್ಣು ಅದನ್ನೇ ಹುಡುಕುತ್ತದೆ. ಎರಡು ಮೂರು ವಾರ ಕಳೆದರೆ ಆ ಚಾಳಿ ಹೋಗುತ್ತದೆ.

ಬಿಳಿ ಹಾಳೆಯ ಮೇಲೆ ಲಗ್ನಪತ್ರಿಕೆ ಕೂರಿಸುವ ನಿಮಗೆ ಕರಿ ಚುಕ್ಕಿ ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ, ಒಪ್ಪುತ್ತೇವೆ. ದಶಾಂಶದ ಬಿಂದುವೋ, ಫೈಲಿನಲ್ಲಿ ಉಳಿದ ಕಸವೋ ಎಂಬ ಅನುಮಾನ ಬಂದಾಗ ಪುಟವನ್ನು ಒಂದು ಗೆಣ್ಣು ಸರಿಸಿ ನೋಡಿ. ಹಾಳೆಯ ಜೊತೆ ಸರಿದರೆ ಅಚ್ಚಾಗುವ ಚುಕ್ಕಿ, ಸರಿಯದೆ ನಿಂತರೆ ಸ್ಕ್ರೀನಿನ ಚುಕ್ಕಿ. ಕೆಲಸದ ಸಾಫ್ಟ್‌ವೇರಿಗೆ ಗಾಢ ಬಣ್ಣದ ಥೀಮ್ ಹಾಕಿಕೊಂಡು, ಟೂಲ್ ಪಟ್ಟಿಯನ್ನು ಎಳೆದು ಚುಕ್ಕಿಯ ಮೇಲೆ ಬರುವಂತೆ ಕೂರಿಸಿದರೆ ಮುಗಿಯಿತು. ಮಗಳಿಗೂ ಅಷ್ಟೇ, ಓದುವಾಗ ಡಾರ್ಕ್ ಮೋಡ್. ಹೊಳೆಯುವ ಚುಕ್ಕಿ ಇದ್ದವರು ಇದಕ್ಕೆ ಉಲ್ಟಾ ಮಾಡಬೇಕು, ಬಿಳಿ ಥೀಮಿನಲ್ಲಿ ಅದು ಅಡಗುತ್ತದೆ.

ಬದಲಿಸಬೇಡಿ ಎನ್ನಲು ಇದಕ್ಕಿಂತ ಗಟ್ಟಿ ಕಾರಣ ಇನ್ನೊಂದಿದೆ. ಬದಲಿಗೆ ಬರುವ ಪ್ಯಾನೆಲ್‌ನಲ್ಲಿ ಚುಕ್ಕಿ ಇರುವುದಿಲ್ಲ ಎಂದು ಯಾರು ಹೇಳಿದರು? ಎಲ್‌ಸಿಡಿಗಳಲ್ಲಿ ಎಷ್ಟು ಚುಕ್ಕಿಯವರೆಗೆ ಇದ್ದರೆ ‘ದೋಷವಲ್ಲ’ ಎಂಬುದನ್ನು ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. 2001ರ ಐಎಸ್‌ಒ 13406-2 ಪ್ರಕಾರ ಎರಡನೇ ದರ್ಜೆಯ ಪ್ಯಾನೆಲ್‌ಗೆ ಪ್ರತಿ ಹತ್ತು ಲಕ್ಷ ಪಿಕ್ಸೆಲ್‌ಗೆ ಪೂರ್ತಿ ಹೊಳೆಯುವವು 2, ಪೂರ್ತಿ ಕಪ್ಪಾದವು 2, ಒಂದು ಪಾಲು ಮಾತ್ರ ಕೆಟ್ಟವು 5 ಇರಬಹುದು. ಫುಲ್ ಎಚ್‌ಡಿಯ ಇಪ್ಪತ್ತು ಲಕ್ಷಕ್ಕೆ ಲೆಕ್ಕ ಹಾಕಿದರೆ 4, 4, 10. 2008ರಲ್ಲಿ ಐಎಸ್‌ಒ 9241 ಸರಣಿಯ 307ನೇ ಭಾಗ ಅದರ ಜಾಗಕ್ಕೆ ಬಂತು, ದರ್ಜೆಯ ಈ ಪದ್ಧತಿ ಅದರಲ್ಲೂ ಇದೆ. ಲ್ಯಾಪ್‌ಟಾಪ್ ಕಂಪನಿಗಳು ತಮ್ಮದೇ ಪಿಕ್ಸೆಲ್ ನಿಯಮ ಇಟ್ಟುಕೊಂಡಿರುತ್ತವೆ, ಹೊಳೆಯುವುದಕ್ಕೊಂದು ಲೆಕ್ಕ, ಕಪ್ಪಿಗೊಂದು ಲೆಕ್ಕ. ಆದ್ದರಿಂದ ವಾರಂಟಿ ಮುಗಿದುಹೋಯಿತಲ್ಲ ಎಂದು ಮರುಗಬೇಡಿ. ಇದ್ದಿದ್ದರೂ ಒಂದು ಕರಿ ಚುಕ್ಕಿಗೆ ಬಹುಪಾಲು ಕಂಪನಿಗಳು ಪ್ಯಾನೆಲ್ ಬದಲಿಸಿ ಕೊಡುವುದಿಲ್ಲ. ಹೊಸ ಲ್ಯಾಪ್‌ಟಾಪ್ ತರಿಸಿಕೊಳ್ಳುವವರು ಮಾತ್ರ ಡಬ್ಬಿ ತೆರೆದ ದಿನವೇ ಐದು ಬಣ್ಣದ ಪರೀಕ್ಷೆ ಮಾಡಬೇಕು, ಅಂಗಡಿ ಅಥವಾ ಜಾಲತಾಣದ ಬದಲಾವಣೆಯ ಗಡುವು ಸಾಮಾನ್ಯವಾಗಿ ಏಳೋ ಹತ್ತೋ ದಿನ.

6,500 ಹೆಚ್ಚಾಯಿತೇ ಎಂದರೆ, ಬೆಲೆ ಅನ್ಯಾಯದ್ದಲ್ಲ. 15.6 ಇಂಚಿನ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಫುಲ್ ಎಚ್‌ಡಿ ಐಪಿಎಸ್ ಪ್ಯಾನೆಲ್, ಕೂಲಿ ಸೇರಿ, ನಾಲ್ಕೂವರೆಯಿಂದ ಏಳು ಸಾವಿರದ ಆಸುಪಾಸಿನಲ್ಲಿ ಓಡಾಡುತ್ತದೆ. 144 ಹರ್ಟ್ಸ್, ಟಚ್, ಓಎಲ್‌ಇಡಿ ಆದರೆ ಮೇಲೇರುತ್ತ ಹೋಗುತ್ತದೆ, ಹಳೆಯ ಮಷೀನಿನ ಮಟ್ಟಿಗೆ ಮೂಗಿಗಿಂತ ಮೂಗುತಿ ಭಾರ. ಪ್ರಶ್ನೆ ಬೆಲೆಯದಲ್ಲ, ಆ ಹಣಕ್ಕೆ ಏನು ಬರುತ್ತದೆ ಎಂಬುದು. ಹೆಚ್ಚುಕಡಿಮೆ ಅದೇ ದುಡ್ಡಿಗೆ 22 ಇಂಚಿನ ಆಸುಪಾಸಿನ ಫುಲ್ ಎಚ್‌ಡಿ ಐಪಿಎಸ್ ಮಾನಿಟರ್ ಬರುತ್ತದೆ, ಅದಕ್ಕೆ ಕಂಪನಿಯ ವಾರಂಟಿಯೂ ಇರುತ್ತದೆ. ಇಡೀ ದಿನ ಪುಟ ಕೂರಿಸುವವರಿಗೆ ದೊಡ್ಡ ಸ್ಕ್ರೀನಿನ ಮುಂದೆ ಕತ್ತು ನೆಟ್ಟಗಿರುತ್ತದೆ. ಲ್ಯಾಪ್‌ಟಾಪ್ ಪಕ್ಕದಲ್ಲಿ ಟೂಲ್‌ಗಳಿಗೆ ಇರಲಿ, ಹಾಳೆ ಮಾನಿಟರಿನ ಮೇಲೆ ಬರಲಿ. ಹಣ ಖರ್ಚು ಮಾಡಲೇಬೇಕು ಎಂದರೆ ನಾವು ಸೂಚಿಸುವುದು ಇದನ್ನೇ.

ಬದಲಿಸಲು ಸರಿಯಾದ ಸಂದರ್ಭಗಳೂ ಇವೆ: ಚುಕ್ಕಿಗಳು ಒಂದೆರಡು ತಿಂಗಳಲ್ಲಿ ಒಂದರಿಂದ ಐದಾರಾದರೆ, ಗೆರೆ ಬಂದರೆ, ಸೋರಿದ ಕಲೆ ಇದ್ದರೆ, ಇಲ್ಲವೇ ನಟ್ಟನಡುವೆ ಹಸಿರು ಕಿಡಿ ಉರಿಯುತ್ತಿದ್ದು ಫೋಟೋ ತಿದ್ದುವ ಕೆಲಸವೇ ನಿಮ್ಮ ಹೊಟ್ಟೆಪಾಡಾಗಿದ್ದರೆ.

ಆಗ ಹುಬ್ಬಳ್ಳಿಗೆ ಹೋಗುವ ಮೊದಲು ನಿಮ್ಮ ಪ್ಯಾನೆಲ್ ಯಾವುದು ಎಂದು ತಿಳಿದುಕೊಳ್ಳಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಮಾನಿಟರ್ಸ್ ಕೆಳಗಿನ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿದರೆ ತಯಾರಕರ ಮೂರಕ್ಷರದ ಗುರುತು ಮತ್ತು ನಾಲ್ಕು ಅಂಕಿ-ಅಕ್ಷರದ ಸಂಖ್ಯೆ ಸಿಗುತ್ತದೆ. ಪೂರ್ತಿ ಮಾಡೆಲ್ ಸಂಖ್ಯೆ ಇರುವುದು ಪ್ಯಾನೆಲ್‌ನ ಬೆನ್ನ ಮೇಲಿನ ಚೀಟಿಯಲ್ಲಿ. ಉದಾಹರಣೆಗೆ ಬಿಒಇ ಕಂಪನಿಯ ಎನ್‌ವಿ156ಎಫ್‌ಎಚ್‌ಎಂ-ಎನ್48. ಇದರಲ್ಲಿ 156 ಎಂದರೆ 15.6 ಇಂಚು, ಎಫ್‌ಎಚ್‌ಎಂ ಎಂದರೆ ಫುಲ್ ಎಚ್‌ಡಿ. ಎಯುಒ ಕಂಪನಿಯದರಲ್ಲಿ ಬಿ156ಎಚ್‌ಎಎನ್ ಎಂದಿದ್ದರೆ ಐಪಿಎಸ್ ತರಹದ ಫುಲ್ ಎಚ್‌ಡಿ, ಬಿ156ಎಚ್‌ಟಿಎನ್ ಎಂದರೆ ಟಿಎನ್, ಬಿ156ಎಕ್ಸ್‌ಟಿಎನ್ ಎಂದರೆ 1366×768ರ ಟಿಎನ್. ‘ಎಲ್ಲಾ ಒಂದ ರೀ, ಫುಲ್ ಎಚ್‌ಡಿನೇ’ ಎಂಬ ಮಾತಿಗೆ ಒಪ್ಪಬೇಡಿ. ಫುಲ್ ಎಚ್‌ಡಿ ಟಿಎನ್ ಹಾಕಿಸಿಕೊಂಡರೆ ಪಿಕ್ಸೆಲ್ ಅಷ್ಟೇ ಇದ್ದರೂ ಮೇಲೆ ಕೆಳಗೆ ವಾಲಿಸಿದಂತೆ ಬಣ್ಣ ತಿರುಗುತ್ತದೆ, ಅಚ್ಚಿನ ಬಣ್ಣ ನೋಡುವವರಿಗೆ ಅದು ಡೆಡ್ ಪಿಕ್ಸೆಲ್‌ಗಿಂತ ನೂರು ಪಾಲು ಕೆಟ್ಟದ್ದು. ಐಪಿಎಸ್‌ನಲ್ಲೂ ಶೇ 45 ಎನ್‌ಟಿಎಸ್‌ಸಿ (ಸ್ಕ್ರೀನ್ ಎಷ್ಟು ಬಣ್ಣ ತೋರಿಸಬಲ್ಲದು ಎಂಬ ಅಳತೆ) ಬಣ್ಣದ್ದು ಬೇರೆ, ಶೇ 72ರದ್ದು ಬೇರೆ. ಮೊದಲನೆಯದರಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗಿ ಕಾಣುತ್ತದೆ. ನಿಮ್ಮದು ಯಾವುದಿತ್ತೋ ಅದನ್ನೇ ಕೇಳಿ, ಸಾಧ್ಯವಾದರೆ ಅದಕ್ಕಿಂತ ಮೇಲಿನದನ್ನು.

ಅಳತೆಯೂ ಕೂಡಬೇಕು. ಡಿಸ್‌ಪ್ಲೇ ಕೇಬಲ್ ಸಿಕ್ಕಿಸುವ 30 ಪಿನ್ನಿನ ಇಡಿಪಿ ಕನೆಕ್ಟರ್ 60 ಹರ್ಟ್ಸ್ ಪ್ಯಾನೆಲ್‌ಗಳಲ್ಲಿ ಸಾಮಾನ್ಯ. 4ಕೆ, 120–144 ಹರ್ಟ್ಸ್, ಕೆಲವು ಟಚ್ ಪ್ಯಾನೆಲ್‌ಗಳಿಗೆ 40 ಪಿನ್. ಹೊರ ಅಗಲ ಕಿವಿ ಇಲ್ಲದ್ದು ಸುಮಾರು 350 ಮಿ.ಮೀ., ಸ್ಕ್ರೂ ಹಾಕುವ ಕಿವಿ ಇರುವುದು ಸುಮಾರು 360. ಕಿವಿ ಇರುವುದನ್ನು ತಂದು ಕಿವಿ ಕತ್ತರಿಸಿ ಕೂರಿಸುವವರಿದ್ದಾರೆ, ಬೇಡ ಅನ್ನಿ.

ರಿಪೇರಿಯಲ್ಲಿ ಎಲ್ಲಿ ಎಡವುತ್ತಾರೆ ಎಂದು ಗೊತ್ತಿದ್ದರೆ ಎದುರಿಗೆ ಕೂತು ನೋಡಬಹುದು. ಮೊದಲನೆಯದು ಬ್ಯಾಟರಿ. ಲ್ಯಾಪ್‌ಟಾಪ್ ಬಂದ್ ಇದ್ದರೂ ಬ್ಯಾಟರಿಯ ಕನೆಕ್ಟರ್ ತೆಗೆಯದೆ ಡಿಸ್‌ಪ್ಲೇ ಕೇಬಲ್ ಕೀಳಬಾರದು. ಆ ಕೇಬಲ್ಲಿನಲ್ಲಿ ಪ್ಯಾನೆಲ್‌ನ ಚಿಪ್ಪುಗಳಿಗೆ 3.3 ವೋಲ್ಟ್ ಹೋದರೆ, ಹಿಂದಿನ ದೀಪಕ್ಕೆ ಬ್ಯಾಟರಿಯ ಪೂರ್ತಿ ವೋಲ್ಟೇಜೇ ಹೋಗಬಹುದು. ಪಿನ್ ಓರೆಯಾಗಿ ತಾಗಿದರೆ ಮದರ್‌ಬೋರ್ಡ್ ಮೇಲಿನ ದೀಪದ ಫ್ಯೂಸ್ ಸುಡುತ್ತದೆ, ಹೊಸ ಪ್ಯಾನೆಲ್ ಹಾಕಿದರೂ ಸ್ಕ್ರೀನ್ ಕತ್ತಲು. ಟಾರ್ಚ್ ಹಾಕಿ ನೋಡಿದರೆ ಮಸುಕಾಗಿ ಚಿತ್ರ ಕಾಣುತ್ತದೆ, ಅದೇ ಇದರ ಗುರುತು. ‘ನಿಮ್ಮ ಬೋರ್ಡೂ ಹೋಗಿತ್ತು’ ಎಂಬ ಮಾತು ಆಮೇಲೆ ಬರುತ್ತದೆ.

ಎರಡನೆಯದು ಪ್ಯಾನೆಲ್ ಕೀಳುವ ರೀತಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೂ ಬದಲು ಎರಡೂ ಬದಿಗೆ ಎಳೆದರೆ ಉದ್ದವಾಗಿ ಬಿಟ್ಟು ಬರುವ ಅಂಟುಪಟ್ಟಿ ಇರುತ್ತದೆ. ಪಟ್ಟಿಯ ತುದಿ ಹಿಡಿದು, ಪ್ಯಾನೆಲ್‌ಗೆ ಸಮಾನಾಂತರವಾಗಿ, ಅವಸರ ಮಾಡದೆ ಎಳೆಯಬೇಕು. ನಡುವೆ ಹರಿದರೆ ಮೀಟಿ ಎಬ್ಬಿಸಬೇಕಾಗುತ್ತದೆ, ಆಗ ಪ್ಯಾನೆಲ್ ಬಾಗಿ ಒಳಗೆ ಬಿರುಕು ಬಿಡುತ್ತದೆ. ಹಾಗಾಗಿ ‘ಹೊಸದು ಚಂದ ಇಲ್ಲಂದ್ರ ಹಳೇದನ್ನ ಮತ್ತ ಹಾಕಿಸ್ಕೊಂಡ್ರಾತು’ ಎಂದು ನಂಬಿ ಕೂರುವಂತಿಲ್ಲ. ಒಂದು ಚುಕ್ಕಿ ಬಿಟ್ಟರೆ ಬಾಕಿಯೆಲ್ಲ ಚೆನ್ನಾಗಿದ್ದ ಕಂಪನಿಯ ಪ್ಯಾನೆಲ್ ಆಗ ಸತ್ತೇಹೋಗಿರಬಹುದು. ಕೆಳ ಅಂಚಿನ ಸರ್ಕ್ಯೂಟ್ ಪಟ್ಟಿ ಹಿಡಿದು ಎತ್ತುವುದೂ ತಪ್ಪು, ಫಿಲ್ಮಿನ ಬೆಸುಗೆ ಬಿಟ್ಟು ಗೆರೆ ಬರುತ್ತದೆ. ಚೌಕಟ್ಟು ಬಿಚ್ಚುವಾಗ ಕ್ಯಾಮೆರಾದ ತಂತಿ, ಅಂಚಿನಲ್ಲೇ ಹೋಗುವ ವೈಫೈ ಆಂಟೆನಾ ತಂತಿ ಕತ್ತರಿಸಿಹೋಗುವುದುಂಟು. ಕೆಲಸ ಮುಗಿದ ಮೇಲೆ ಕ್ಯಾಮೆರಾ, ಮೈಕ್, ವೈಫೈ ಮೂರನ್ನೂ ಅಲ್ಲೇ ನೋಡಿ.

ಎಲ್ಲಕ್ಕಿಂತ ಮುಖ್ಯ, ಹೊಸ ಪ್ಯಾನೆಲ್ ಅನ್ನು ಅಂಟಿಸುವ ಮೊದಲೇ ಪರೀಕ್ಷೆ ಮಾಡಿಸಿ. ಕೀಬೋರ್ಡ್ ಮೇಲೆ ಮೆತ್ತನೆ ಬಟ್ಟೆ ಹಾಸಿ, ಅದರ ಮೇಲೆ ಪ್ಯಾನೆಲ್ ಇಟ್ಟು, ಕೇಬಲ್ ಸಿಕ್ಕಿಸಿ, ಆಮೇಲೆ ಬ್ಯಾಟರಿ ಜೋಡಿಸಿ ಚಾಲೂ ಮಾಡಬೇಕು. ಐದು ಬಣ್ಣದ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಬೆಳಕು ಪೂರ್ತಿ ಕಮ್ಮಿ ಮಾಡಿ, ಪೂರ್ತಿ ಹೆಚ್ಚು ಮಾಡಿ ನೋಡಿ. ಮೇಲಿನ ರಕ್ಷಾ ಹಾಳೆ ಕೀಳುವ ಮೊದಲೇ ಚುಕ್ಕಿ ಕಂಡರೆ ಅಂಗಡಿಯವರು ಬೇರೆಯದು ತರಿಸಬಲ್ಲರು. ಅಂಟಿಸಿದ ಮೇಲೆ ಯಾರ ಕೈಯಲ್ಲೂ ಇಲ್ಲ. ‘ಕೊಪ್ಪೀಕರ ರಸ್ತೆ ಕಡೆ ಹೋಗಿ ಬರ್ರಿ, ಅಷ್ಟರಾಗ ಮಾಡಿಟ್ಟಿರ್ತೀವಿ’ ಎಂದರೆ ‘ಇರ್ಲಿ ರೀ, ಇಲ್ಲೇ ಕುಂದರ್ತೀನಿ’ ಅನ್ನಿ. ಮುಂಗಡ ಕೊಡುವ ಮೊದಲು ಎರಡು ಮಾತು ಬಾಯಿಬಿಟ್ಟು ಕೇಳಿ: ಪ್ಯಾನೆಲ್ ಹೊಸದೋ, ಬೇರೆ ಲ್ಯಾಪ್‌ಟಾಪಿನಿಂದ ತೆಗೆದದ್ದೋ? ಎಷ್ಟು ಚುಕ್ಕಿ ಬಂದರೆ, ಎಷ್ಟು ತಿಂಗಳೊಳಗೆ ಬದಲಿಸಿ ಕೊಡುತ್ತೀರಿ? ಉತ್ತರವನ್ನು ಪ್ಯಾನೆಲ್ ಮಾಡೆಲ್ ಸಂಖ್ಯೆಯ ಜೊತೆ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬರೆದುಕೊಟ್ಟ ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಬಿಲ್ಲಿಲ್ಲದೆ ಅಲ್ಲಿ ಮಾತು ನಿಲ್ಲುವುದಿಲ್ಲ.

ಚುಕ್ಕಿ ಇದ್ದೇ ಇರಲಿ ಎಂದು ತೀರ್ಮಾನಿಸಿದರೂ, ಹೊಸದನ್ನೇ ಹಾಕಿಸಿದರೂ, ಗದಗ–ಹುಬ್ಬಳ್ಳಿ ಬಸ್ಸಿನಲ್ಲಿ ಬ್ಯಾಗನ್ನು ಮೇಲಿನ ಕಂಬಿಗಳ ಮೇಲೆ ಇಡಬೇಡಿ, ಇನ್ನೊಬ್ಬರ ಗಂಟು ಅದರ ಮೇಲೆ ಬೀಳುತ್ತದೆ. ತೊಡೆಯ ಮೇಲಿರಲಿ, ಸ್ಕ್ರೀನಿನ ಬೆನ್ನು ನಿಮ್ಮ ಕಡೆ ಇರಲಿ. ಚಾರ್ಜರ್‌ನ ಇಟ್ಟಿಗೆಯಂಥ ಡಬ್ಬಿಯನ್ನು ಮುಚ್ಚಳಕ್ಕೆ ಒತ್ತುವಂತೆ ತುರುಕದೆ ಬೇರೆ ಖಾನೆಯಲ್ಲಿ ಇಡಿ.